ಅಪ್ಪನ ಫಿಯೆಟ್ಟೋ, ಭಾವನ ಝೆನ್ನೋ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ, ಸಮುದ್ರದಿಂದ ಎರಡು ಮೂರು ಕಿಲೋಮೀಟರ್ ದೂರ. ತೀರಿಹೋದ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷದಿಂದ ಮನೆ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ಪ್ರತಿ ವರ್ಷ ಅದರಲ್ಲೇ ನಮ್ಮನ್ನು ಆಗುಂಬೆ ಹತ್ತಿಸಿ ಶೃಂಗೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಮಂಗಳೂರಿನಲ್ಲಿರುವ ಭಾವ ತಮ್ಮ 2001ರ ಮಾರುತಿ ಝೆನ್ ಕೊಡುತ್ತೇನೆ, 40 ಸಾವಿರ ಸಾಕು ಅನ್ನುತ್ತಿದ್ದಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್, ಓಡುವ ಸ್ಥಿತಿಯಲ್ಲಿದೆ. ಮಗಳು ಮಣಿಪಾಲದಲ್ಲಿ ನರ್ಸ್, ರಾತ್ರಿ ಪಾಳಿಯೂ ಇರುತ್ತದೆ. ಅವಳಿಗೆ ಓಡಾಡಲು ಒಂದು ಕಾರು ಬೇಕು. ನಮ್ಮಲ್ಲಿ ಜಾಗ ಇರುವುದು ಒಂದೇ ಕಾರಿಗೆ, ಕೈಯಲ್ಲಿರುವುದು ಎರಡು ಲಕ್ಷ. ಹಳೇ ಕಾರಿನ ಕಬ್ಬಿಣ ದಪ್ಪ, ಅದೇ ಸುರಕ್ಷಿತ ಅನ್ನುತ್ತಾರೆ ಕೆಲವರು. ಝೆನ್‌ನ ಕಂಪ್ಯೂಟರ್ ಹೋದರೆ ಗುಜರಿಗೇ ಅನ್ನುತ್ತಾರೆ ಇನ್ನು ಕೆಲವರು. ಹದಿನೈದು ವರ್ಷ ದಾಟಿದ ಕಾರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಎಂಬ ಮಾತೂ ಇದೆ. ಹೊಸ ಪೆಟ್ರೋಲಿನ ಹೆದರಿಕೆ ಬೇರೆ. ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರಲ್ಲಿ ಎರಡು ಪ್ರಶ್ನೆಗಳಿವೆ. ಮಗಳು ಯಾವ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು ಎಂಬುದು ಒಂದು. ಅಪ್ಪನ ಕಾರನ್ನು ಏನು ಮಾಡಬೇಕು ಎಂಬುದು ಇನ್ನೊಂದು. ಜಾಗ ಒಂದೇ ಇರುವುದರಿಂದ ನಿಮಗೆ ಎರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತಿವೆ. ನಾನು ಬೇರೆ ಬೇರೆ ಮಾಡಿಯೇ ಉತ್ತರಿಸುತ್ತೇನೆ.

ಮಂಗಳೂರಿನಲ್ಲಿ ಮೂವತ್ತೆರಡು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಕೆಲಸ ಕಲಿತದ್ದೇ ಫಿಯೆಟ್ಟಿನ ಮೇಲೆ. ಆಗ ಯಾರೂ ಅದನ್ನು ಪದ್ಮಿನಿ ಅಂತ ಕರೆಯುತ್ತಿರಲಿಲ್ಲ, ನಮಗೆಲ್ಲ ಅದು ಫಿಯೆಟ್. ಗ್ಯಾರೇಜು ಶುರು ಮಾಡಿದ ಹೊಸತರಲ್ಲಿ ಮಲ್ಪೆ ಕಡೆಯ ಒಬ್ಬರ ಫಿಯೆಟ್‌ಗೆ ಪೂರ್ತಿ ಎಂಜಿನ್ ಕೆಲಸ ಮಾಡಿಕೊಟ್ಟೆ. ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಹೆಡ್ ಲೆವೆಲ್ ಮಾಡಿಸಿ ಕೊಟ್ಟ ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಜಾಗವೇ ಬಾಡಿಯಿಂದ ಕಿತ್ತು ಬಂತು. ಅಡಿಯ ತಗಡು ಹಪ್ಪಳದ ಹಾಗೆ ಆಗಿತ್ತು. ಆ ಮನುಷ್ಯ ಎಂಜಿನ್ನಿಗೆ ಹಾಕಿದ ಹಣವೆಲ್ಲ ಹೋಯಿತು. ತಪ್ಪು ನನ್ನದೇ. ನಾನು ಬಾನೆಟ್ ತೆಗೆದು ನೋಡಿದ್ದೆ, ಕಾರನ್ನು ಎತ್ತಿ ನೋಡಿರಲಿಲ್ಲ. ಅವತ್ತಿನಿಂದ ಕರಾವಳಿಯ ಯಾವ ಹಳೇ ಕಾರು ಬಂದರೂ ಮೊದಲು ಅಡಿ ನೋಡುತ್ತೇನೆ, ಎಂಜಿನ್ ಕೊನೆಗೆ. ನಿಮ್ಮ ಎರಡು ಕಾರುಗಳಿಗೂ ಇದೇ ಮೊದಲ ಪರೀಕ್ಷೆ.

ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಆದರೆ ಕಾರು ತಿನ್ನುವುದು ಮಳೆಯೊಂದೇ ಅಲ್ಲ. ಗಾಳಿಯಲ್ಲಿ ತೇಲಿ ಬರುವ ಉಪ್ಪು ತಗಡಿನ ಸಂದಿಯಲ್ಲಿ ಕೂರುತ್ತದೆ. ಗಾಳಿಯ ತೇವಾಂಶ ಸುಮಾರು ನೂರಕ್ಕೆ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಒದ್ದೆಯಾಗುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಜೂನ್ ತಿಂಗಳಲ್ಲಿ ಹೇಗಿರುತ್ತದೆ, ನಿಮಗೆ ಗೊತ್ತಲ್ವಾ? ನಿಮ್ಮ ಕಾರಿನ ಅಡಿಯೂ ಹಾಗೇ. ಒಂದು ಹನಿ ಮಳೆ ಬೀಳದಿದ್ದರೂ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದರ ಮೇಲೆ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು. ಅದು ಚಕ್ರದಿಂದ ಎರಚಿ ನೇರ ಅಡಿಗೇ ಹೋಗುತ್ತದೆ.

ಹಾಗಾಗಿ "ಹಳೇ ಕಬ್ಬಿಣ ದಪ್ಪ, ತುಕ್ಕು ಹಿಡಿಯುವುದಿಲ್ಲ" ಎಂಬ ಮಾತನ್ನು ಬಿಟ್ಟುಬಿಡಿ. ದಪ್ಪ ಇದ್ದರೆ ತೂತಾಗಲು ಸ್ವಲ್ಪ ಜಾಸ್ತಿ ಕಾಲ ಹಿಡಿಯುತ್ತದೆ, ಅಷ್ಟೇ. ಫಿಯೆಟ್‌ಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಝೆನ್ ಕೂಡ ಹಾಗೇ. ಇಂಥ ಕಾರಿನಲ್ಲಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಸ್ಪ್ರಿಂಗ್ ಕೂರುವ ಜಾಗ ಕೊಳೆತರೆ ಮನೆಯ ಪಂಚಾಂಗವೇ ಕುಸಿದ ಹಾಗೆ. ಮೇಲಿನ ಪೇಂಟ್ ಎಷ್ಟು ಹೊಳೆದರೂ ಪ್ರಯೋಜನ ಇಲ್ಲ.

ಇನ್ನು ಟಾರ್ಪಾಲ್. ದಯವಿಟ್ಟು ಇವತ್ತೇ ತೆಗೆಯಿರಿ. ಪ್ಲಾಸ್ಟಿಕ್ ಹೊದಿಸಿದ ಕಾರು ಒಳಗೇ ಬೆವರುತ್ತದೆ. ಶೆಡ್ಡಿನ ನೆಲ ಮಣ್ಣಿನದ್ದಾದರೆ ನೆಲದ ತೇವವೆಲ್ಲ ಮೇಲೆ ಎದ್ದು ಕಾರಿನ ಅಡಿಯಲ್ಲಿ ನಿಲ್ಲುತ್ತದೆ. ನಾನು ನೋಡಿದ ಎಷ್ಟೋ ಕಾರುಗಳು ಬಯಲಿನಲ್ಲಿ ನಿಂತದ್ದಕ್ಕಿಂತ ಟಾರ್ಪಾಲಿನ ಅಡಿಯಲ್ಲಿ ಬೇಗ ಹಾಳಾಗಿವೆ.

ಈಗ ಎರಡು ಕಾಲದ ವಿಷಯಕ್ಕೆ ಬರುತ್ತೇನೆ. ಆರ್‌ಸಿ ನೋಡಿದರೆ ಈ ಎರಡು ಕಾರುಗಳ ನಡುವೆ ಹದಿನೈದು ವರ್ಷದ ಅಂತರ. ನಿಜವಾದ ಅಂತರ ನಲ್ವತ್ತು ವರ್ಷ. ನಿಮ್ಮ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಆ ಬಾಡಿ ಹುಟ್ಟಿದ್ದು 1953ರಲ್ಲಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ಅದನ್ನು 1964ರ ಸುಮಾರಿಗೆ ಹೊಸ ರೂಪದಲ್ಲಿ ತಂದಿತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ನಿಮ್ಮಪ್ಪ 1986ರಲ್ಲಿ ಹೊಸ ಕಾರು ತಂದರು, ನಿಜ. ಆದರೆ ಅದರ ನಕ್ಷೆಗೆ ಆಗಲೇ ಮೂವತ್ಮೂರು ವರ್ಷವಾಗಿತ್ತು. ಝೆನ್ ಬಂದದ್ದು 1993ರಲ್ಲಿ, ಮಾರುಕಟ್ಟೆ ತೆರೆದುಕೊಂಡ ಮೇಲೆ. ಗುರ್ಗಾಂವ್‌ನಲ್ಲಿ ತಯಾರಾದ ಅದೇ ಕಾರು ಸುಜುಕಿ ಆಲ್ಟೋ ಹೆಸರಿನಲ್ಲಿ ಯುರೋಪಿಗೂ ಹೋಯಿತು.

ಓಡಿಸುವಾಗ ಈ ನಲ್ವತ್ತು ವರ್ಷ ಕೈಕಾಲಿಗೆ ಗೊತ್ತಾಗುತ್ತದೆ. ಫಿಯೆಟ್ 1089 ಸಿಸಿ, ಸುಮಾರು 40 ಅಶ್ವಶಕ್ತಿ, ತೂಕ ಹತ್ತಿರ ಹತ್ತಿರ 900 ಕಿಲೋ. ನಾಲ್ಕೇ ಗೇರು, ಅದೂ ಸ್ಟೇರಿಂಗ್ ಪಕ್ಕದಲ್ಲಿ. ಝೆನ್ 993 ಸಿಸಿ, ಎಂಜಿನ್ ಪೂರ್ತಿ ಅಲ್ಯೂಮಿನಿಯಂ, ಐದು ಗೇರು, ಶಕ್ತಿ 50ಕ್ಕಿಂತ ಕಡಿಮೆ ಇಲ್ಲ. ತೂಕದಲ್ಲಿ ಸುಮಾರು ಒಂದೂವರೆ ಕ್ವಿಂಟಾಲ್ ಹಗುರ. ಸಂತೆಕಟ್ಟೆಯಲ್ಲಿ ಬಸ್ಸು ಹಿಂದಿನಿಂದ ಹಾರ್ನ್ ಹೊಡೆಯುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯ ಬ್ರೇಕು. ಫಿಯೆಟ್‌ನ ನಾಲ್ಕು ಚಕ್ರಕ್ಕೂ ಡ್ರಮ್. ನಿಂತ ನೀರಿನಲ್ಲಿ ಇಳಿಸಿದರೆ ಡ್ರಮ್ಮಿನ ಒಳಗೆ ನೀರು ಸೇರಿ ಲೈನರ್ ಒದ್ದೆಯಾಗುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಕಾರು ನಿಲ್ಲುವುದಿಲ್ಲ, ಅಥವಾ ಒಂದು ಬದಿಗೆ ಎಳೆಯುತ್ತದೆ. ಹಳಬರಿಗೆ ಇದು ಗೊತ್ತಿತ್ತು. ನೀರು ದಾಟಿದ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸುತ್ತಿದ್ದರು. ನಿಮ್ಮಪ್ಪನೂ ಹಾಗೇ ಮಾಡುತ್ತಿದ್ದಿರಬೇಕು. ಝೆನ್‌ನ ಮುಂದಿನ ಚಕ್ರಕ್ಕೆ ಡಿಸ್ಕ್ ಇದೆ. ಡಿಸ್ಕ್ ಬಯಲಲ್ಲಿ ಇರುವುದರಿಂದ ನೀರು ಚಿಮ್ಮಿ ಹೋಗುತ್ತದೆ.

"ದಪ್ಪ ಕಬ್ಬಿಣ ಸುರಕ್ಷಿತ" ಎಂಬುದನ್ನೂ ಇಲ್ಲೇ ನೋಡೋಣ. ಗುದ್ದಿದಾಗ ಕಾರಿನ ಮುಂಭಾಗ ಕುಸಿಯಬೇಕು, ಕುಸಿಯುತ್ತಾ ಪೆಟ್ಟನ್ನು ತಾನು ನುಂಗಬೇಕು. ಕುಸಿಯದ ಕಾರು ಪೆಟ್ಟನ್ನು ಹಾಗೇ ಒಳಗಿನವರಿಗೆ ದಾಟಿಸುತ್ತದೆ. ಹೀಗೆ ಕುಸಿಯುವಂತೆ ಬಾಡಿ ಮಾಡಿ ಮರ್ಸಿಡಿಸ್ ಮಾರಾಟಕ್ಕೆ ತಂದದ್ದು 1959ರಲ್ಲಿ. ವೋಲ್ವೋ ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ಕೊಟ್ಟದ್ದೂ ಅದೇ ವರ್ಷ. ನಿಮ್ಮ ಫಿಯೆಟ್‌ನ ನಕ್ಷೆ ಅದಕ್ಕೂ ಆರು ವರ್ಷ ಹಿಂದಿನದು. ಅದರ ಸ್ಟೇರಿಂಗ್ ಕಂಬ ಪೆಟ್ಟಿಗೆ ಮಡಚಿಕೊಳ್ಳುವಂಥದ್ದೂ ಅಲ್ಲ. ಝೆನ್ ಈ ವಿಷಯದಲ್ಲಿ ಮೇಲು. ಆದರೆ ಅದರಲ್ಲೂ ಏರ್‌ಬ್ಯಾಗ್ ಇಲ್ಲ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇಲ್ಲ.

ಇಲ್ಲಿ ನೀವು ಕೇಳದ ಒಂದು ಮಾತು ಹೇಳಬೇಕಾಗಿದೆ. ನಿಮ್ಮ ಮಗಳು ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ, ಜುಲೈ ಮಳೆಯಲ್ಲಿ ಇಂದ್ರಾಳಿ ಇಳಿದು, ಹೆದ್ದಾರಿ ಹಿಡಿದು, ಕಲ್ಯಾಣಪುರ ಸೇತುವೆ ದಾಟಿ ಮನೆಗೆ ಬರಬೇಕು. ಆ ಓಡಾಟಕ್ಕೆ ನನ್ನ ಮಗಳಾಗಿದ್ದರೆ ಈ ಎರಡರಲ್ಲಿ ಒಂದನ್ನೂ ಕೊಡುತ್ತಿರಲಿಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಲ್ಲಿ. 2019ರ ಕೊನೆಯ ನಂತರ ತಯಾರಾದ ಸಣ್ಣ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನಿಮ್ಮ ಎರಡು ಲಕ್ಷಕ್ಕೆ ಸ್ವಲ್ಪ ಸಾಲ ಸೇರಿಸಿಯಾದರೂ ನೋಡಿ. ಅದು ಸಾಧ್ಯವಾದರೆ ಮೊದಲ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಅದು ಈಗ ಆಗುವುದಿಲ್ಲ ಅಂತಾದರೆ, ದಿನದ ಓಡಾಟಕ್ಕೆ ಝೆನ್. ಫಿಯೆಟ್ ಬೇಡವೇ ಬೇಡ. ಆದರೆ ಝೆನ್‌ಗೂ ಅಡಿ ಪರೀಕ್ಷೆ ಆದ ಮೇಲೆ ಮಾತ್ರ.

ಪರೀಕ್ಷೆ ಹೀಗೆ. ಲಿಫ್ಟ್ ಇರುವ ಗ್ಯಾರೇಜಿಗೆ ಕಾರು ಒಯ್ಯಿರಿ. ಮೊದಲು ಒಳಗಿನ ಕಾರ್ಪೆಟ್ ಎತ್ತಿಸಿ. ಡ್ರೈವರ್ ಕಾಲಿಡುವ ಜಾಗ, ಸೀಟಿನ ಅಡಿ, ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ತಟ್ಟೆಯ ಅಡಿ ನೋಡಿ. ಬಾನೆಟ್ ತೆರೆದು ಶಾಕ್ ಅಬ್ಸಾರ್ಬರಿನ ಮೇಲ್ತುದಿ ಬಾಡಿಗೆ ಸೇರುವ ಜಾಗ ನೋಡಿ. ಅಲ್ಲಿ ಬಿರುಕು ಅಥವಾ ಪದರ ಪದರ ತುಕ್ಕು ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಆಮೇಲೆ ಅಡಿಗೆ ಹೋಗಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂದವಾಗಿ ಡಬ್ ಅನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿಗೂ ಹಿಂದಿನ ಚಕ್ರದ ಕಮಾನಿಗೂ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿರುವುದು ಪುಟ್ಟಿ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ಕಂಡರೆ ಖುಷಿಪಡಬೇಡಿ. ಎಷ್ಟೋ ಸಲ ಅದನ್ನು ಬಳಿಯುವುದೇ ತುಕ್ಕು ಮುಚ್ಚಲು. ಭಾವ ಹಾಗೆ ಮಾಡಿದ್ದಾರೆ ಅನ್ನುತ್ತಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಅಡಿ ಗಟ್ಟಿಯಿದ್ದರೆ ಝೆನ್‌ನ ಉಳಿದ ಕೆಲಸ ಸುಲಭ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಮೊದಲು ಅದನ್ನು ಬದಲಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ ಟೈರು ಬೇಡ, ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ. ಬ್ರೇಕ್ ಪೈಪುಗಳನ್ನು ಬೆರಳಿನಿಂದ ಸವರಿ ನೋಡಲು ಹೇಳಿ, ನಮ್ಮಲ್ಲಿ ಅವೂ ತುಕ್ಕಿಗೆ ತೂತಾಗುತ್ತವೆ. ಹಿಂದಿನ ಸೀಟಿನ ಬೆಲ್ಟುಗಳು ಕೆಲಸ ಮಾಡುತ್ತವೆಯೇ ಎಂದೂ ನೋಡಿ.

ಕಂಪ್ಯೂಟರಿನ, ಅಂದರೆ ಇಸಿಎಂನ, ಹೆದರಿಕೆಗೆ ಹೆಚ್ಚು ಬೆಲೆ ಕೊಡಬೇಡಿ. "ಇಸಿಎಂ ಹೋಗಿದೆ" ಅಂತ ನನ್ನಲ್ಲಿಗೆ ಬಂದ ಹಳೇ ಮಾರುತಿಗಳಲ್ಲಿ ಹೆಚ್ಚಿನವುಗಳ ಇಸಿಎಂ ಚೆನ್ನಾಗಿಯೇ ಇತ್ತು. ಅರ್ಥಿಂಗ್ ವೈರಿನ ತುದಿ ಹಸಿರು ಹಿಡಿದಿರುತ್ತದೆ, ಇಲ್ಲವೇ ಕನೆಕ್ಟರಿನ ಪಿನ್ನು ತುಕ್ಕು ಹಿಡಿದಿರುತ್ತದೆ. ಬಿಚ್ಚಿ ಶುಚಿ ಮಾಡಿದರೆ ಮುಗಿಯಿತು. ಎಂಜಿನ್ನಿನ ದೋಷವನ್ನು ಕಾರೇ ಗುರುತಿಸಿ ಸ್ಕ್ಯಾನರಿಗೆ ತಿಳಿಸುವ ಓಬಿಡಿ ವ್ಯವಸ್ಥೆಯ ನಿಯಮ ನಮ್ಮಲ್ಲಿ ಬಂದದ್ದೇ 2010ರಲ್ಲಿ. ಹಾಗಾಗಿ ಈಗಿನ ಎಲ್ಲ ಸ್ಕ್ಯಾನರುಗಳೂ ಆ ಕಾಲದ ಝೆನ್‌ಗೆ ಹೊಂದುವುದಿಲ್ಲ. ಹಳೇ ಮಾರುತಿ ಗೊತ್ತಿರುವ ಮೆಕ್ಯಾನಿಕನನ್ನೇ ಹುಡುಕಿ.

ಪೆಟ್ರೋಲಿನ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಕಾರಣವಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಭಾಗ ಎಥನಾಲ್. ಎರಡು ಕಾರುಗಳೂ ಅದಕ್ಕೆಂದು ಮಾಡಿದವಲ್ಲ. ಎಥನಾಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿಯುತ್ತದೆ. ಅದನ್ನು ಸಹಿಸಬಹುದು. ತೊಂದರೆ ಇರುವುದು ರಬ್ಬರಿನಲ್ಲಿ ಮತ್ತು ನೀರಿನಲ್ಲಿ. ಹಳೇ ಪೈಪು, ಡಯಾಫ್ರಾಮ್, ವಾಷರುಗಳು ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ, ಜಾಸ್ತಿ ಹೀರಿದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ದಿನಾ ಓಡುವ ಝೆನ್‌ನಲ್ಲಿ ಪೆಟ್ರೋಲು ಹಳಸಲು ಸಮಯವೇ ಇಲ್ಲ. ಪೈಪು ಮತ್ತು ಇಂಜೆಕ್ಟರಿನ ಓ-ರಿಂಗ್ ಬದಲಿಸಿದರೆ ಬಹಳಷ್ಟು ಸರಿಹೋಗುತ್ತದೆ. ಸುಮ್ನೆ ನಿಲ್ಲುವ ಫಿಯೆಟ್‌ಗೆ ಅಪಾಯ ಜಾಸ್ತಿ. ಅದರಲ್ಲಿ ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲು ಬರುವ ಸಣ್ಣ ತೂತಿನ ಭಾಗ, ಒಂದು ಅಳತೆ ದೊಡ್ಡದು ಹಾಕಬೇಕಾಗಬಹುದು. ಇಲ್ಲದಿದ್ದರೆ ಪೆಟ್ರೋಲು ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ, ಹೆಡ್ ಅಲ್ಯೂಮಿನಿಯಂ ಆದ್ದರಿಂದ ಬಿಸಿಗೆ ಬಾಗುತ್ತದೆ. ಮಳೆಗಾಲದಲ್ಲಿ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಕಾಗದಪತ್ರಕ್ಕೆ ಬರೋಣ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಕಾರಿನ ನಿರ್ಬಂಧ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಹದಿನೈದು ವರ್ಷದ ನಂತರ ಪ್ರತಿ ಐದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಫಿಟ್‌ನೆಸ್‌ನಲ್ಲಿ ಪಾಸಾಗಬೇಕು. ಅರ್ಜಿ ಫಾರ್ಮ್ 25. ಇಪ್ಪತ್ತು ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10 ಸಾವಿರಕ್ಕೆ ಏರಿಸಿದ್ದಾರೆ. ನಿಮ್ಮ ಎರಡೂ ಕಾರುಗಳು ಅದರಲ್ಲೇ ಬರುತ್ತವೆ. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಕೂಡುತ್ತಾ ಹೋಗುತ್ತದೆ. ಹಾಗಾಗಿ ಭಾವನ ಆರ್‌ಸಿ ಎಲ್ಲಿಯವರೆಗೆ ಇದೆ ಅಂತ ಮೊದಲೇ ಕೇಳಿ. ಫಿಯೆಟ್ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಫಾರ್ಮ್ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಇನ್ನೊಂದು ತೊಡಕಿದೆ. 1986ರಲ್ಲಿ ಉಡುಪಿ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಳೇ ನೋಂದಣಿಯ ವಿವರ ಕಂಪ್ಯೂಟರಿಗೆ ಏರಿದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಏರದಿದ್ದರೆ ಮೂಲ ಆರ್‌ಸಿ ಪುಸ್ತಕ ಬೇಕೇ ಬೇಕು, ಅದನ್ನು ಹುಡುಕಿ ಜೋಪಾನ ಮಾಡಿ. ವಿಂಟೇಜ್ ನೋಂದಣಿ ಮಾಡಿಸಿ ಅನ್ನುವವರ ಮಾತು ಈಗ ನಡೆಯುವುದಿಲ್ಲ. ಅದಕ್ಕೆ ಐವತ್ತು ವರ್ಷ ಆಗಬೇಕು, ನಿಮ್ಮ ಕಾರಿಗೆ ಅದು 2036ಕ್ಕೆ. ಆಗಲೂ ಆ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ವಿಮೆಯಲ್ಲೂ ಸಣ್ಣ ವ್ಯತ್ಯಾಸ ಇದೆ. 2022ರ ಜೂನಿನಲ್ಲಿ ನಿಗದಿಯಾದ ದರದಲ್ಲಿ ಸಾವಿರ ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ 2,094 ರೂಪಾಯಿ, ಅದಕ್ಕಿಂತ ಮೇಲೆ 1,500 ಸಿಸಿವರೆಗೆ 3,416. ಝೆನ್ ಏಳು ಸಿಸಿಯಲ್ಲಿ ಒಳಗೆ, ಫಿಯೆಟ್ 89 ಸಿಸಿಯಲ್ಲಿ ಹೊರಗೆ.

ಈಗ ಅಪ್ಪನ ಕಾರು. ಇದನ್ನು ಬರೆಯುವಾಗ ನನಗೂ ಮನಸ್ಸು ಭಾರವಾಗುತ್ತದೆ. ಇಂಥ ಕಾರನ್ನು ಗುಜರಿಗೆ ಕೊಟ್ಟು, ಆಮೇಲೆ ನನ್ನ ಗ್ಯಾರೇಜಿಗೆ ಬಂದು "ಹಾಗೇ ಒಂದು ಸಿಗಬಹುದಾ" ಅಂತ ಕೇಳಿದವರನ್ನು ನೋಡಿದ್ದೇನೆ. ಅವಸರ ಮಾಡಬೇಡಿ ಮಾರಾಯ್ರೆ.

ಮೊದಲನೆಯದಾಗಿ, ಯಾರೂ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆಯದಂತೆ ನೋಡಿಕೊಳ್ಳಿ. ಹನ್ನೊಂದು ವರ್ಷ ನಿಂತ ಎಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ. ಬಲವಂತ ಮಾಡಿದರೆ ರಿಂಗು ಮುರಿದು ಗೋಡೆ ಗೀರುತ್ತದೆ. ನಾಲ್ಕು ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ನಾಲ್ಕು ದಿನ ಹಾಗೇ ಬಿಡಿ. ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು. ತಿರುಗಿದರೆ ಅರ್ಧ ಗೆದ್ದ ಹಾಗೆ. ಹಳೇ ಪೆಟ್ರೋಲು ಅಂಟಂಟಾಗಿ ಟ್ಯಾಂಕಿನಲ್ಲೇ ಗಟ್ಟಿಯಾಗಿರುತ್ತದೆ, ಟ್ಯಾಂಕ್ ಇಳಿಸಿ ತೊಳೆಯಬೇಕು. ಕ್ಲಚ್ ಪ್ಲೇಟು ಅಂಟಿರಬಹುದು. ಬ್ರೇಕಿನ ವೀಲ್ ಸಿಲಿಂಡರುಗಳು ಖಂಡಿತ ಹೋಗಿರುತ್ತವೆ. ಇಲಿ, ಹೆಗ್ಗಣ ವೈರು ಕಡಿದಿರುತ್ತವೆ. ಇದೆಲ್ಲ ಸರಿ ಮಾಡಲು ಬರುವ ಕೆಲಸ. ಬಿಡಿಭಾಗಗಳು ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿದರೆ ಇನ್ನೂ ಸಿಗುತ್ತವೆ. ಫಿಯೆಟ್ ತಯಾರಾದದ್ದು ಹೆಚ್ಚುಕಡಿಮೆ 2000ದವರೆಗೆ, ಮುಂಬಯಿಯಲ್ಲಿ ಕಪ್ಪು ಹಳದಿ ಫಿಯೆಟ್ ಟ್ಯಾಕ್ಸಿಗಳು ಓಡಿದ್ದು 2023ರವರೆಗೆ.

ಆದರೆ ಇಲ್ಲೂ ಅಡಿಯೇ ತೀರ್ಪು. ಅಡಿ ಗಟ್ಟಿಯಿದ್ದರೆ ಯಂತ್ರದ ಕೆಲಸವನ್ನು ನಿಮ್ಮ ಬಜೆಟ್ಟಿನೊಳಗೆ ಮುಗಿಸಬಹುದು ಎಂಬುದು ನನ್ನ ಅಂದಾಜು. ಸ್ಪ್ರಿಂಗ್ ಕೂರುವ ಜಾಗ, ನೆಲ ಎಲ್ಲ ಕೊಳೆತಿದ್ದರೆ ಟಿಂಕರಿಂಗ್ ಮತ್ತು ಪೇಂಟಿಂಗಿಗೇ ಎರಡು ಲಕ್ಷ ಸಾಲುವುದಿಲ್ಲ. ಆಗ ಪ್ಯಾಚ್ ಹೊಡೆಸಿ, ಪುಟ್ಟಿ ಮೆತ್ತಿ, ಪೇಂಟ್ ಮಾಡಿ ರಸ್ತೆಗೆ ತರಬೇಡಿ. ಒಳ್ಳೆ ಬಾಡಿಯ ಫಿಯೆಟ್ ಇಟ್ಟುಕೊಂಡವರು ನಿಮ್ಮ ಎಂಜಿನ್, ಗೇರ್‌ಬಾಕ್ಸಿಗೆ ಕೈಮುಗಿದು ಬರುತ್ತಾರೆ. ಅವರಿಗೆ ಕೊಟ್ಟರೆ ನಿಮ್ಮಪ್ಪನ ಕಾರಿನ ಎಂಜಿನ್ ಇನ್ನೊಂದು ಕಾರಿನಲ್ಲಿ ಓಡುತ್ತದೆ. ಹಾಗೆ ಕೊಡುವುದಾದರೆ ಹಳೇ ಬಾಡಿಯ ನೋಂದಣಿ ರದ್ದು ಮಾಡಿಸಿ, ಮಾರಿದ ಕಾಗದ ಬರೆಸಿಕೊಳ್ಳಿ.

ಗಟ್ಟಿಯಿದ್ದರೆ ಜಾಗದ ಪ್ರಶ್ನೆಗೆ ನನ್ನ ಸಲಹೆ ಇದು. ದಿನಾ ಓಡುವ ಕಾರು ಅಂಗಳದಲ್ಲಿ, ಗಾಳಿಯಾಡುವ ಒಂದು ಶೀಟಿನ ಮಾಡಿನ ಅಡಿ ನಿಲ್ಲಲಿ. ವಾರಕ್ಕೊಮ್ಮೆ ಅದರ ಅಡಿಗೆ ಸಿಹಿನೀರು ಹೊಡೆಯಿರಿ. ಶೆಡ್ಡು ಫಿಯೆಟ್‌ಗೇ ಇರಲಿ, ಆದರೆ ನೆಲಕ್ಕೆ ಕಾಂಕ್ರೀಟು ಹಾಕಿಸಿ. ಟೊಳ್ಳು ಭಾಗಗಳ ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಲು ಹೇಳಿ. ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ, ಅದು ಬೇಡ. ಬುಶ್ಶಿನ ರಬ್ಬರು ಹಾಳಾಗುತ್ತದೆ, ತೊಟ್ಟಿಕ್ಕಿ ಬಾವಿಯ ಕಡೆಗೂ ಹೋಗುತ್ತದೆ. ಒಂದೇ ವರ್ಷದಲ್ಲಿ ಎಲ್ಲ ಮಾಡಬೇಕಾಗಿಲ್ಲ. ಈ ವರ್ಷ ತುಕ್ಕು ನಿಲ್ಲಿಸಿ, ಮುಂದಿನ ವರ್ಷ ಬ್ರೇಕು, ಆಮೇಲೆ ಎಂಜಿನ್. ಬ್ರೇಕು ಆಗುವ ಮೊದಲು ಎಂಜಿನ್ ಮಾಡಬೇಡಿ. ಓಡಲು ಶುರುವಾದ ಕಾರನ್ನು ಯಾರೂ ಸುಮ್ಮನೆ ನಿಲ್ಲಿಸುವುದಿಲ್ಲ.

ಒಂದು ದಿನ ಅದರಲ್ಲಿ ಆಗುಂಬೆ ಹತ್ತುವ ಆಸೆ ನಿಮಗಿದೆ ಅಂತ ಪತ್ರ ಓದುವಾಗಲೇ ಗೊತ್ತಾಯಿತು. ಖಂಡಿತ ಹತ್ತುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಬೇಗ ಹೊರಡಿ. ಬೇಸಿಗೆಯ ಮಧ್ಯಾಹ್ನ ಪಂಪು ಬಿಸಿಯಾಗಿ ಪೆಟ್ರೋಲು ಆವಿಯಾಗುತ್ತದೆ, ಕಾರು ತಿರುವಿನಲ್ಲೇ ನಿಲ್ಲುತ್ತದೆ. ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಿರಿ. ಇಳಿಯುವಾಗ ಹದಿನಾಲ್ಕು ತಿರುವನ್ನೂ ಎರಡನೇ ಗೇರಿನಲ್ಲೇ ಇಳಿಸಿ, ಡ್ರಮ್ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ.

ಸದ್ಯಕ್ಕೆ ಮಳೆಗಾಲಕ್ಕೆ ಮೊದಲು ಎರಡು ಕೆಲಸ. ಫಿಯೆಟ್‌ನ ಟಾರ್ಪಾಲ್ ತೆಗೆದು ನಾಲ್ಕು ಬಾಗಿಲು ತೆರೆದು ಒಂದು ದಿನ ಬಿಸಿಲಿಗೆ ಇಡಿ. ಝೆನ್‌ನ ಕಾರ್ಪೆಟ್ ಎತ್ತಿ ನೋಡುವವರೆಗೆ ಭಾವನಿಗೆ ಹೂಂ ಅನ್ನಬೇಡಿ.